ಕೊನೆಯ ಸಾಲಿನವರೂ ಓದುವಂಥ ಕನ್ನಡ ಸ್ಲೈಡ್ ಮಾಡುವುದು ಹೇಗೆ

ಚಿಕ್ಕಮಗಳೂರು, ಹಾಸನದ ಕಡೆ ಪಿಪಿಟಿ ಈಗ ಕಾಲೇಜಿನ ಸೆಮಿನಾರ್ ದಾಟಿ ಬಂದಿದೆ. ಬೆಳೆಗಾರರ ಸಭೆ, ಕೃಷಿ ತರಬೇತಿ, ಸಹಕಾರ ಸಂಘದ ವಾರ್ಷಿಕ ಸಭೆ, ಪಂಚಾಯಿತಿ ಕಾರ್ಯಾಗಾರ, ಎಲ್ಲ ಕಡೆ ಪರದೆ ಇಳಿಬಿಡುತ್ತಾರೆ. ಎಲ್ಲ ಕಡೆಯ ತೊಂದರೆಯೂ ಹೆಚ್ಚುಕಡಿಮೆ ಒಂದೇ. ಇಂಗ್ಲಿಷ್ ಅಕ್ಷರಕ್ಕೆಂದು ಅಳತೆ ಮಾಡಿದ ಟೆಂಪ್ಲೇಟಿಗೆ ಕನ್ನಡ ತುಂಬಿರುತ್ತಾರೆ, ಮುಂದಿನ ಎರಡು ಸಾಲಿಗೆ ಮಾತ್ರ ಓದಲು ಬರುತ್ತದೆ, ಹಿಂದಿನವರು ಮೊಬೈಲ್ ತೆಗೆಯುತ್ತಾರೆ.

ಈ ಲೇಖನದ ಉದ್ದಕ್ಕೂ ಒಂದು ಉದಾಹರಣೆ ಹಿಡಿದುಕೊಳ್ಳೋಣ: ಅರೇಬಿಕಾ ಕಾಫಿಗೆ ಬೀಳುವ ಬಿಳಿ ಕಾಂಡ ಕೊರಕ ಎಂಬ ದುಂಬಿ (ಇದರ ಮರಿಹುಳು ಕಾಂಡ ಕೊರೆಯುತ್ತದೆ), ತೋಟದವರ ಬಾಯಲ್ಲಿ ಬೋರರ್. ಮಾತು 20 ನಿಮಿಷ, ಕೇಳುವವರು ಬೆಳೆಗಾರರು. ವಿಷಯ ಬೇರೆ ಇದ್ದರೂ ಕ್ರಮ ಇದೇ. ಹೆಜ್ಜೆಗಳನ್ನು ಪವರ್‌ಪಾಯಿಂಟ್ ಹಿಡಿದು ಬರೆದಿದೆ. ಗೂಗಲ್ ಸ್ಲೈಡ್ಸ್ ಬೇರೆಯಾಗುವ ಕಡೆ ಅದನ್ನೂ ಹೇಳಿದೆ.

ಮೊದಲು ಸಭಾಂಗಣ ವಿಚಾರಿಸಿ

ಕಾರ್ಯಕ್ರಮ ನಡೆಸುವವರಿಗೆ ಫೋನ್ ಮಾಡಿ ನಾಲ್ಕು ವಿಷಯ ಕೇಳಿ. ಪರದೆಯ ಮೇಲೆ ಬೀಳುವ ಚಿತ್ರ ಎಷ್ಟು ಅಡಿ ಎತ್ತರ? ಕೊನೆಯ ಕುರ್ಚಿ ಎಷ್ಟು ದೂರ? ಚಿತ್ರ ಅಗಲವೋ, ಹಳೇ ಟೀವಿಯ ಹಾಗೆ ಚೌಕಕ್ಕೆ ಹತ್ತಿರವೋ? ಹಗಲಿನಲ್ಲಿ ಕಿಟಕಿ ಮುಚ್ಚಿ ಕತ್ತಲು ಮಾಡಬಹುದೋ?

ಮೊದಲ ಎರಡು ಉತ್ತರ ಸಿಕ್ಕರೆ ಅಕ್ಷರದ ಗಾತ್ರವನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಚಿತ್ರ 4 ಅಡಿ ಎತ್ತರ, ಕೊನೆಯ ಕುರ್ಚಿ 32 ಅಡಿ ದೂರ ಎಂದುಕೊಳ್ಳಿ. ಅಂದರೆ ಎತ್ತರದ 8 ಪಟ್ಟು ದೂರ. 15.6 ಇಂಚಿನ ಲ್ಯಾಪ್‌ಟಾಪ್ ಪರದೆಯ ಎತ್ತರ ಸುಮಾರು 7.6 ಇಂಚು. ಅದರ 8 ಪಟ್ಟು ಅಂದರೆ ಐದು ಅಡಿ. ಸ್ಲೈಡನ್ನು ಪೂರ್ತಿ ಪರದೆಗೆ ಹಾಕಿ, ಐದು ಅಡಿ ಹಿಂದೆ ನಿಂತು ಓದಿ. ಕಣ್ಣು ಕಿರಿದು ಮಾಡಬೇಕಾಗಿ ಬಂದರೆ ಹಿಂದಿನ ಸಾಲಿಗೆ ಅದು ಹೋಗುವುದಿಲ್ಲ. ನಿಮಗೆ ವಿಷಯ ಬಾಯಿಪಾಠ ಇರುವುದರಿಂದ ಕಣ್ಣು ಮೋಸ ಮಾಡುತ್ತದೆ. ಮನೆಯವರನ್ನು ಯಾರನ್ನಾದರೂ ನಿಲ್ಲಿಸಿ ಓದಿಸುವುದು ವಾಸಿ.

ಚೌಕವೋ ಅಗಲವೋ ಎಂಬ ಪ್ರಶ್ನೆ ಸಣ್ಣದಲ್ಲ. ಹಳೆಯ ಪ್ರೊಜೆಕ್ಟರುಗಳು 1024×768, ಅಂದರೆ 4:3. ಅದರಲ್ಲಿ ಅಗಲದ, ಅಂದರೆ 16:9 ಸ್ಲೈಡ್ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಚಿತ್ರದ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ, ಅಕ್ಷರವೂ ಅಷ್ಟೇ ಕುಗ್ಗುತ್ತದೆ. ಮೊದಲೇ ಗೊತ್ತಿದ್ದರೆ ಡಿಸೈನ್ ಪಟ್ಟಿಯ ಸ್ಲೈಡ್ ಸೈಜ್‌ನಲ್ಲಿ 4:3 ಆರಿಸಿಯೇ ಕೆಲಸ ಶುರು ಮಾಡಿ. ಕೊನೆಗೆ ಬದಲಾಯಿಸಿದರೆ ಪ್ರತಿ ಸ್ಲೈಡಿನ ಜೋಡಣೆಯೂ ಕೆಡುತ್ತದೆ.

ಕಾಗದದ ಮೇಲೆ ಒಡೆಯುವುದು

ಸಾಮಾನ್ಯವಾಗಿ ಕಾಣುವ ಸ್ಲೈಡ್ ಹೀಗಿರುತ್ತದೆ: ತಲೆಬರಹ ‘ಬಿಳಿ ಕಾಂಡ ಕೊರಕ: ಪರಿಚಯ ಮತ್ತು ನಿರ್ವಹಣೆ’, ಕೆಳಗೆ ಒಂಬತ್ತು ಚುಕ್ಕೆ, ಪ್ರತಿ ಚುಕ್ಕೆಗೆ ಎರಡು ಸಾಲು, ಮೂಲೆಯಲ್ಲಿ ಅಂಚೆಚೀಟಿಯಷ್ಟು ಫೋಟೊ. ಇದು ಮಾತನಾಡುವವರ ಟಿಪ್ಪಣಿ. ಅದನ್ನು ಸ್ಲೈಡಿನ ಕೆಳಗಿರುವ ನೋಟ್ಸ್ ಜಾಗಕ್ಕೆ ಹಾಕಿ, ಅಲ್ಲಿ ಎಷ್ಟು ಉದ್ದ ಇದ್ದರೂ ನಡೆಯುತ್ತದೆ. ಪರದೆಗೆ ಬೇಕಾದದ್ದು, ಆ ಕ್ಷಣದಲ್ಲಿ ಬೆಳೆಗಾರ ನೋಡಿ ತಿಳಿಯಬೇಕಾದ ಒಂದು ಸಂಗತಿ. ಅದೇ ಸ್ಲೈಡನ್ನು ನಾಲ್ಕಾಗಿ ಒಡೆಯಬಹುದು:

‘ಕಾಂಡದ ಮೇಲೆ ಉಬ್ಬು ಗೆರೆ ಕಂಡರೆ ಹುಳು ಒಳಗಿದೆ.’ ಕೆಳಗೆ ಕಾಂಡದ ಒಂದೇ ದೊಡ್ಡ ಫೋಟೊ.

‘ಬೋರರ್ ಹಾರುವುದು ವರ್ಷಕ್ಕೆ ಎರಡು ಕಾಲ.’ ಹನ್ನೆರಡು ತಿಂಗಳ ಪಟ್ಟಿ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ಗೆ ಬಣ್ಣ.

‘ಹುಡುಕುವುದು ಹಾರುವ ಮೊದಲು: ಮಾರ್ಚ್, ಸೆಪ್ಟೆಂಬರ್.’ ಅದೇ ಪಟ್ಟಿ, ಅದೇ ಜಾಗದಲ್ಲಿ, ಆ ಎರಡು ತಿಂಗಳಿಗೆ ಗುರುತು ಕೂಡಿಸಿ.

‘ಹುಳು ಬಿದ್ದ ಗಿಡ ಕಿತ್ತು ಸುಡಿ.’ ಮತ್ತೆ ಒಂದು ಫೋಟೊ.

ತಲೆಬರಹ ‘ಪರಿಚಯ’, ‘ಲಕ್ಷಣಗಳು’ ಎಂದಿದ್ದರೆ ಅರ್ಥಕ್ಕಾಗಿ ಕೆಳಗಿನದನ್ನು ಪೂರ್ತಿ ಓದಬೇಕು. ತಲೆಬರಹವೇ ವಾಕ್ಯವಾದರೆ, ತಡವಾಗಿ ಬಂದು ಹಿಂದೆ ಕೂತವರಿಗೂ ಎಳೆ ಸಿಗುತ್ತದೆ. ಸ್ಲೈಡುಗಳ ಲೆಕ್ಕದ ಬಗ್ಗೆ ಕಟ್ಟುನಿಟ್ಟು ಬೇಡ. ಮೇಲಿನಂಥ ಹಗುರ ಸ್ಲೈಡ್ ಅರ್ಧ ನಿಮಿಷದಲ್ಲಿ ಹೋಗುತ್ತದೆ, ನಕ್ಷೆ (ಚಾರ್ಟ್) ಇರುವ ಸ್ಲೈಡ್ ಮೂರು ನಿಮಿಷ ತಿನ್ನುತ್ತದೆ. ಜೋರಾಗಿ ಹೇಳಿಕೊಂಡು ಗಡಿಯಾರ ನೋಡುವುದೇ ಸರಿ. ‘ಸುಸ್ವಾಗತ’ ಎಂದು ಗುಲಾಬಿ ಹೂವಿನ ಸ್ಲೈಡ್ ಮಾತ್ರ ಯಾರಿಗೂ ಬೇಡ. ಸ್ವಾಗತಕ್ಕೆ ಸಭೆಯಲ್ಲಿ ಬೇರೆಯವರು ಇದ್ದೇ ಇರುತ್ತಾರೆ.

ಅಚ್ಚು ಹೊಂದಿಸುವುದು

ವ್ಯೂ ಪಟ್ಟಿಯಲ್ಲಿ ಸ್ಲೈಡ್ ಮಾಸ್ಟರ್ ತೆರೆಯಿರಿ. ಅಕ್ಷರ, ಗಾತ್ರ, ಸಾಲಿನ ಅಂತರ, ಬಣ್ಣ ಇಲ್ಲಿ ಒಂದು ಸಲ ಹಾಕಿದರೆ ಎಲ್ಲ ಸ್ಲೈಡಿಗೂ ಇಳಿಯುತ್ತದೆ. ಇದನ್ನು ಬಿಟ್ಟು ಒಂದೊಂದೇ ಸ್ಲೈಡ್ ತಿದ್ದುತ್ತ ಹೋದರೆ ತಲೆಬರಹ ಒಂದರಲ್ಲಿ ಮೇಲೆ, ಒಂದರಲ್ಲಿ ಕೆಳಗೆ ಆಗಿ, ಸ್ಲೈಡ್ ಬದಲಾದಾಗೆಲ್ಲ ಕುಣಿಯುತ್ತದೆ.

ಪವರ್‌ಪಾಯಿಂಟಿನ ಅಗಲದ ಸ್ಲೈಡ್ 13.33 ಇಂಚು ಅಗಲ, 7.5 ಇಂಚು ಎತ್ತರ. ನಾಲ್ಕೂ ಬದಿಗೆ 0.6 ಇಂಚು ಖಾಲಿ ಬಿಡಿ. ಕೆಲವು ಟೀವಿಗಳು ಚಿತ್ರದ ಅಂಚನ್ನು ಕತ್ತರಿಸುತ್ತವೆ. ಕನ್ನಡಕ್ಕೆ ತಲೆಬರಹ 36ರಿಂದ 40 ಪಾಯಿಂಟ್, ಒಳಗಿನ ಬರಹ 28, ನಕ್ಷೆಯ ಹೆಸರುಗಳು 20. ಇದಕ್ಕಿಂತ ಕೆಳಗೆ ಇಳಿಯಬೇಕಾದರೆ ಬರಹ ಜಾಸ್ತಿ ಆಗಿದೆ ಎಂದರ್ಥ. ಪೆಟ್ಟಿಗೆಯ ಬರಹವನ್ನು ತಾನಾಗಿ ಕುಗ್ಗಿಸುವ ಆಟೊಫಿಟ್ ಸೌಲಭ್ಯವನ್ನು ನಿಲ್ಲಿಸಿ. ಅದು ಕೇಳದೆಯೇ 28ನ್ನು 18ಕ್ಕೆ ಇಳಿಸಿ ಕೂತಿರುತ್ತದೆ.

ಗೂಗಲ್ ಸ್ಲೈಡ್ಸ್ ಬಳಸುವವರು ಒಂದು ಲೆಕ್ಕ ನೆನಪಿಡಬೇಕು. ಅದರ ಅಗಲದ ಸ್ಲೈಡ್ 10 ಇಂಚು ಮಾತ್ರ. ಸ್ಲೈಡೇ ಚಿಕ್ಕದಾದ್ದರಿಂದ ಅಲ್ಲಿಯ 21 ಪಾಯಿಂಟ್ ಪರದೆಯ ಮೇಲೆ ಪವರ್‌ಪಾಯಿಂಟಿನ 28ರಷ್ಟೇ ಕಾಣುತ್ತದೆ. ಮೇಲಿನ ಗಾತ್ರಗಳಲ್ಲಿ ಕಾಲು ಭಾಗ ಕಳೆದರೆ ಗೂಗಲ್ ಸ್ಲೈಡ್ಸ್‌ನ ಗಾತ್ರ ಸಿಗುತ್ತದೆ.

ಕನ್ನಡ ಅಕ್ಷರ

ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿಯೇ. ಕನ್ನಡದ ಪಿಪಿಟಿಗಳು ಕೆಡುವುದೂ ಇಲ್ಲಿಯೇ.

ಯೂನಿಕೋಡಿನಲ್ಲೇ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಇರುವ ಪದ್ಧತಿ) ಬರೆಯಿರಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದ ಒಳಗಿರುವುದು ಕನ್ನಡ ಅಕ್ಷರವಲ್ಲ. ರೋಮನ್ ಅಕ್ಷರ ಮತ್ತು ಚಿಹ್ನೆಗಳಿಗೆ ಫಾಂಟ್ ಕನ್ನಡದ ರೂಪ ತೊಡಿಸಿರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ, ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು ನಿಲ್ಲುತ್ತವೆ. ಕಚೇರಿಯಿಂದ ಬಂದ ಹಳೆಯ ಸುತ್ತೋಲೆ, ವರದಿಯಿಂದ ನಕಲು ಮಾಡುವಾಗ ಇದು ತಪ್ಪದೆ ಎದುರಾಗುತ್ತದೆ. ಪರಿವರ್ತಕದಲ್ಲಿ ಯೂನಿಕೋಡಿಗೆ ಬದಲಾಯಿಸಿಕೊಂಡ ಮೇಲೂ ಒಮ್ಮೆ ಪೂರ್ತಿ ಓದಿ: ಅರ್ಕಾವತ್ತು, ಒತ್ತಕ್ಷರ, ಅಂಕಿಗಳ ಕಡೆ ಕಣ್ಣಿಡಿ.

ಫಾಂಟ್ ಯಾವುದು? ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ವಿಂಡೋಸ್ ಜೊತೆಗೇ ಬರುತ್ತದೆ. ಬೇರೆಯವರ ಕಂಪ್ಯೂಟರಿನಲ್ಲಿ ತೋರಿಸುವುದಿದ್ದರೆ ಇದೇ ಕ್ಷೇಮ. ಹಳೆಯ ತುಂಗಾ ಅದೇ ಪಾಯಿಂಟಿನಲ್ಲಿ ಎದ್ದು ಕಾಣುವಷ್ಟು ಚಿಕ್ಕದು, ಬಳಸಲೇಬೇಕಿದ್ದರೆ ಗಾತ್ರ ಹೆಚ್ಚಿಸಿ. ಅಂದ ಬೇಕೆನ್ನುವವರಿಗೆ ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ದಪ್ಪ ತಲೆಬರಹಕ್ಕೆ ಬಲೂ ತಮ್ಮ ಉಚಿತವಾಗಿ ಸಿಗುತ್ತವೆ. ಒಂದು ಪಿಪಿಟಿಗೆ ಒಂದು ಫಾಂಟ್ ಸಾಕು. ತಲೆಬರಹಕ್ಕೆ ಇನ್ನೊಂದು ಬಳಸಿದರೆ ಅಲ್ಲಿಗೆ ನಿಲ್ಲಿಸಿ.

ಸಾಲಿನ ಅಂತರ ಇಂಗ್ಲಿಷಿಗಿಂತ ಜಾಸ್ತಿ ಬೇಕು. ‘ರಾಷ್ಟ್ರ’ ಬರೆದು ನೋಡಿ. ಒತ್ತು ಗೆರೆಯ ಕೆಳಗೆ ಇಳಿಯುತ್ತದೆ, ಗುಣಿತದ ಗುರುತು ಮೇಲೆ ಏರುತ್ತದೆ. ಹೊಸ ಟೆಂಪ್ಲೇಟುಗಳಲ್ಲಿ ಸಾಲಿನ ಅಂತರ 0.9 ಇರುವುದು ಸಾಮಾನ್ಯ. ಅದರಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ಮಲ್ಟಿಪಲ್ ಆರಿಸಿ ತಲೆಬರಹಕ್ಕೆ 1.0, ಒಳಬರಹಕ್ಕೆ 1.1ರಿಂದ 1.2 ಕೊಡಿ. ಒಂದು ಅಂಶದಿಂದ ಇನ್ನೊಂದಕ್ಕೆ ಇನ್ನೂ 10–12 ಪಾಯಿಂಟ್ ಜಾಗ ಸೇರಿಸಿ, ಎರಡು ಸಾಲಿನ ಅಂಶ ಒಂದೇ ಗುಂಪಾಗಿ ಕಾಣುತ್ತದೆ.

ಅಡಿಗೆರೆ ಹಾಕಬೇಡಿ, ಅದು ಒತ್ತಕ್ಷರದ ಮೇಲೆಯೇ ಹಾದುಹೋಗುತ್ತದೆ. ಓರೆ ಅಕ್ಷರವೂ ಬೇಡ. ಬಹುತೇಕ ಕನ್ನಡ ಫಾಂಟುಗಳಿಗೆ ಓರೆ ರೂಪ ಇಲ್ಲದ ಕಾರಣ ಯಂತ್ರ ನೆಟ್ಟಗಿರುವುದನ್ನೇ ವಾಲಿಸುತ್ತದೆ. ದಪ್ಪ ಅಕ್ಷರವನ್ನು ಫಾಂಟಿನಲ್ಲೇ ದಪ್ಪ ರೂಪ ಇದ್ದರೆ ಮಾತ್ರ ಬಳಸಿ. ಇಲ್ಲದಿದ್ದರೆ ಗೆರೆಯನ್ನು ಸುಮ್ಮನೆ ಊದಿಸಿ, ‘ಥ’, ‘ಧ’ಗಳ ಹೊಟ್ಟೆ ಮುಚ್ಚಿಹೋಗಿ ಎರಡೂ ಒಂದೇ ಥರ ಕಾಣುತ್ತವೆ. ಒತ್ತಿ ಹೇಳಲು ಬಣ್ಣವೋ ದೊಡ್ಡ ಗಾತ್ರವೋ ಸಾಕು.

ಇನ್ನು ಸಾಲು ಒಡೆಯುವುದು. ನಮ್ಮ ಪದಗಳು ವಿಭಕ್ತಿ, ಕ್ರಿಯಾರೂಪ ಎಲ್ಲ ಸೇರಿ ಉದ್ದವಾಗುತ್ತವೆ. ‘ಹತೋಟಿಗೊಳಿಸಬೇಕಾಗಿರುವುದರಿಂದ’ ಎಂಬ ಒಂದು ಪದವೇ ಅರ್ಧ ಸಾಲು ನುಂಗುತ್ತದೆ. ಎರಡೂ ಅಂಚಿಗೆ ಸಮ ಮಾಡಿದರೆ ಪದಗಳ ನಡುವೆ ಹೊಂಡ ಬೀಳುತ್ತದೆ. ಎಡಕ್ಕೆ ಮಾತ್ರ ಸಮ ಇಡಿ. ಸಾಲನ್ನು ಅರ್ಥ ಮುರಿಯುವ ಕಡೆ ನೀವೇ ಮುರಿಯಿರಿ: ಶಿಫ್ಟ್ ಒತ್ತಿಕೊಂಡು ಎಂಟರ್ ಒತ್ತಿದರೆ ಹೊಸ ಚುಕ್ಕೆ ಬಾರದೆ ಸಾಲು ಮಾತ್ರ ಇಳಿಯುತ್ತದೆ. ಭಾಷೆಯನ್ನೂ ಸಡಿಲಿಸಿ. ‘ಬಾಧಿತ ಸಸ್ಯಗಳನ್ನು ನಿರ್ಮೂಲನಗೊಳಿಸತಕ್ಕದ್ದು’ ಎನ್ನುವ ಕಡೆ ‘ಹುಳು ಬಿದ್ದ ಗಿಡ ಕಿತ್ತು ಸುಡಿ’ ಎಂದರೆ ಅಕ್ಷರ ದೊಡ್ಡದು ಮಾಡಲು ಜಾಗವೂ ಸಿಕ್ಕಿತು, ಹೇಳಿದ್ದೂ ಮುಟ್ಟಿತು.

ಕನ್ನಡ ಅಂಕಿಯೋ 1, 2, 3 ಅಂಕಿಯೋ ಯಾವುದಾದರೂ ಒಂದನ್ನೇ ಕೊನೆಯ ತನಕ ಇಡಿ. ನಕ್ಷೆ ಎಕ್ಸೆಲ್‌ನಿಂದ ಬರುವುದಾದರೆ 1, 2, 3 ಸಲೀಸು.

ಹನ್ನೆರಡು ತಿಂಗಳ ಪಟ್ಟಿ ಕಟ್ಟುವುದು

ಕೃಷಿಯ ವಿಷಯಕ್ಕೆ ಇಷ್ಟು ಕೆಲಸಕ್ಕೆ ಬರುವ ಚಿತ್ರ ಇನ್ನೊಂದಿಲ್ಲ. ಬೋರರ್‌ಗೂ ಆಯಿತು, ಹಾಸನದ ಆಲೂಗಡ್ಡೆ ಬಿತ್ತನೆಗೂ ಆಯಿತು. ಬದಿಯ ಖಾಲಿ ಬಿಟ್ಟರೆ 12.1 ಇಂಚು ಉಳಿಯುತ್ತದೆ, ಅಂದರೆ 1 ಇಂಚಿನ 12 ಚೌಕ ಸರಿಯಾಗಿ ಕೂರುತ್ತವೆ.

1. ಇನ್ಸರ್ಟ್, ಶೇಪ್ಸ್‌ನಿಂದ ಒಂದು ಚೌಕ ಎಳೆದು, ಎತ್ತರ ಅಗಲ ಎರಡಕ್ಕೂ 1 ಇಂಚು ಕೊಡಿ.
2. ಅದರ ಬರಹದ ಒಳ ಅಂಚು ಎಡಬಲಕ್ಕೆ 0.1 ಇಂಚು ಇರುತ್ತದೆ, ಸೊನ್ನೆ ಮಾಡಿ. ಇಲ್ಲದಿದ್ದರೆ ತಿಂಗಳ ಹೆಸರು ಎರಡು ಸಾಲಾಗುತ್ತದೆ.
3. ಕಂಟ್ರೋಲ್ ಜೊತೆ ಡಿ ಒತ್ತಿ ಹನ್ನೊಂದು ನಕಲು ಮಾಡಿ. ಮೊದಲನೆಯದನ್ನು ಎಡ ಅಂಚಿಗೆ, ಕೊನೆಯದನ್ನು ಬಲ ಅಂಚಿಗೆ ಎಳೆದಿಡಿ.
4. ಎಲ್ಲವನ್ನೂ ಆರಿಸಿ, ಅಲೈನ್‌ನಲ್ಲಿ ಮೊದಲು ಅಲೈನ್ ಮಿಡಲ್, ಆಮೇಲೆ ಡಿಸ್ಟ್ರಿಬ್ಯೂಟ್ ಹಾರಿಜಾಂಟಲಿ. ಕಣ್ಣಳತೆಯಲ್ಲಿ ಜೋಡಿಸಲು ಹೋಗಬೇಡಿ.
5. ಹೆಸರು 20 ಪಾಯಿಂಟಿನಲ್ಲಿ: ಜನ, ಫೆಬ್ರ, ಮಾರ್ಚ್... ಸೆಪ್ಟೆಂಬರ್ ಪೂರ್ತಿ ಹಿಡಿಸುವುದಿಲ್ಲ, ‘ಸೆಪ್ಟೆಂ’ ಸಾಕು.
6. ಎಲ್ಲ ಚೌಕಕ್ಕೂ ತಿಳಿ ಬೂದು, ಹೇಳಬೇಕಾದ ತಿಂಗಳಿಗೆ ಮಾತ್ರ ಗಾಢ ಬಣ್ಣ.

ಈ ಸ್ಲೈಡನ್ನೇ ನಕಲು ಮಾಡಿ ಮುಂದಿನದನ್ನು ಕಟ್ಟಿ. ಪಟ್ಟಿ ಅಲುಗಾಡದೆ ಬಣ್ಣ ಮಾತ್ರ ಬದಲಾದರೆ ಯಾವ ಅನಿಮೇಷನ್ನೂ ಬೇಕಾಗುವುದಿಲ್ಲ.

ಬಣ್ಣ, ಬೆಳಕು

ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಎರಚಲು ಬಾರದು. ಬೆಳಕು ಬಿಡದಿರುವುದೇ ಅದರ ಕಪ್ಪು. ಹಾಗಾಗಿ ಕಿಟಕಿ ತೆರೆದ ಸಭಾಂಗಣದಲ್ಲಿ ಕಪ್ಪು ಹಿನ್ನೆಲೆ ಪರದೆಯಷ್ಟೇ ಬೆಳ್ಳಗೆ ಪೇಲವವಾಗುತ್ತದೆ, ಲ್ಯಾಪ್‌ಟಾಪಿನಲ್ಲಿ ಎಷ್ಟೇ ಗತ್ತಿನಿಂದ ಕಂಡಿದ್ದರೂ. ಹಗಲಿಗೆ ಬಿಳಿ ಅಥವಾ ತಿಳಿ ಹಿನ್ನೆಲೆ, ಗಾಢ ಅಕ್ಷರ. ಕತ್ತಲ ಕೋಣೆ ಅಥವಾ ಎಲ್‌ಇಡಿ ಟೀವಿ ಇದ್ದರೆ ಗಾಢ ಹಿನ್ನೆಲೆ ಮಾಡಬಹುದು.

ವೆಬ್ ಪುಟಗಳಿಗೆ ಒಪ್ಪಿಕೊಂಡಿರುವ ಮಾನದಂಡದಲ್ಲಿ ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ ಕನಿಷ್ಠ 4.5:1 ಇರಬೇಕು, ದೊಡ್ಡ ಅಕ್ಷರಕ್ಕೆ 3:1. ಪ್ರೊಜೆಕ್ಟರ್ ಇದನ್ನು ಇನ್ನೂ ಇಳಿಸುವುದರಿಂದ 7:1 ಇಟ್ಟುಕೊಳ್ಳುವುದು ಒಳ್ಳೆಯದು. ಬಿಳಿ ಮೇಲೆ ಅಚ್ಚ ಕೆಂಪು 4:1ರ ಆಸುಪಾಸು, ಬಿಳಿ ಮೇಲೆ ಹಳದಿ ಬರೀ 1.07:1. ನೀಲಿ ಮೇಲೆ ಕೆಂಪು ಅಕ್ಷರ ಹಾಕುವವರನ್ನು ತಡೆಯಲು ಯಾವ ಲೆಕ್ಕವೂ ಬೇಕಿಲ್ಲ, ಒಮ್ಮೆ ನೋಡಿದರೆ ಸಾಕು. ಒಂದು ಸಲೀಸಾದ ಜೋಡಿ: ಬಿಳಿ ಹಿನ್ನೆಲೆ, ಕಡುಹಸಿರು ಅಕ್ಷರ (ಬಣ್ಣ ಆರಿಸುವ ಕಡೆ ಕೆಂಪು 31, ಹಸಿರು 61, ನೀಲಿ 46 ಎಂದು ತುಂಬಿ), ಎತ್ತಿ ತೋರಿಸಲು ಕಿತ್ತಳೆ.

ಕೆಂಪು ಹಸಿರು ಬೇರೆ ಮಾಡಿ ಕಾಣದವರು ಗಂಡಸರಲ್ಲಿ ಹೆಚ್ಚು, ಯಾವ ದೊಡ್ಡ ಸಭೆಯಲ್ಲೂ ಕೆಲವರಾದರೂ ಇರುತ್ತಾರೆ. ಹಣ್ಣಾದ ಕಾಫಿಯನ್ನು ಎಲೆಯ ನಡುವೆ ತೋರಿಸುವ ಫೋಟೊಗೆ ಬಾಣವೋ ಬಿಳಿ ವೃತ್ತವೋ ಹಾಕಿ. ‘ಕೆಂಪಿನಲ್ಲಿರುವುದು ಹೋದ ವರ್ಷ, ಹಸಿರಿನಲ್ಲಿರುವುದು ಈ ವರ್ಷ’ ಎನ್ನುವ ನಕ್ಷೆ ಅವರಿಗೆ ಎರಡೂ ಒಂದೇ.

ಫೋಟೊ

ವಾಟ್ಸಾಪಿನಲ್ಲಿ ಫೋಟೊ ಎಂದೇ ಕಳಿಸಿದರೆ ಅದು ಕುಗ್ಗಿ ಬರುತ್ತದೆ, ಪರದೆಯ ಮೇಲೆ ಮಸುಕು. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ. ಪೂರ್ತಿ ಸ್ಲೈಡಿಗೆ 1920 ಪಿಕ್ಸೆಲ್ ಅಗಲ ಸಾಕು. ಅದಕ್ಕೂ ದೊಡ್ಡ ಫೋಟೊಗಳನ್ನು ಹಾಗೇ ತುಂಬಿದರೆ ಕಡತ ನೂರಾರು ಎಂಬಿ ಆಗಿ ಹಳೆಯ ಕಂಪ್ಯೂಟರಿನಲ್ಲಿ ತೆವಳುತ್ತದೆ. ಕೊನೆಗೆ ಕಂಪ್ರೆಸ್ ಪಿಕ್ಚರ್ಸ್ ಒಮ್ಮೆ ಓಡಿಸಿ.

ಬೋರರ್ ಗುರುತು ತೋರಿಸುವಾಗ ಇಡೀ ಗಿಡದ ಫೋಟೊ ಏನೂ ಹೇಳುವುದಿಲ್ಲ. ಕಾಂಡದ ಒಂದು ಅಡಿ ಮಾತ್ರ ಉಳಿಯುವ ಹಾಗೆ ಕತ್ತರಿಸಿ, ಉಬ್ಬು ಗೆರೆಯ ಪಕ್ಕ ಬೆರಳಿರಲಿ, ಅಳತೆ ತಿಳಿಯುತ್ತದೆ. ಫೋಟೊ ಮೇಲೆ ಅಕ್ಷರ ಬರುವುದಿದ್ದರೆ ಅಕ್ಷರದ ಹಿಂದೆ ಕಪ್ಪು ಪಟ್ಟಿ ಇಟ್ಟು 30 ಶೇಕಡ ಪಾರದರ್ಶಕ ಮಾಡಿ. ಎಲೆ, ರೆಂಬೆ, ಹೊಯ್ಸಳ ಕೆತ್ತನೆ ಇಂಥವುಗಳ ಮೇಲೆ ಪಟ್ಟಿ ಇಲ್ಲದ ಬಿಳಿ ಅಕ್ಷರ ಕರಗಿಹೋಗುತ್ತದೆ.

ಎತ್ತರದ ಚಿತ್ರಕ್ಕೆ ಅಗಲದ ಸ್ಲೈಡ್ ಹೊಂದುವುದಿಲ್ಲ ಎಂಬ ಗೊಂದಲ ಇತಿಹಾಸದ ವಿದ್ಯಾರ್ಥಿಗಳಿಗೆ ಬರುತ್ತದೆ. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನನ್ನು ಸ್ಲೈಡ್ ತುಂಬುವ ಹಾಗೆ ಎಳೆದರೆ ಮೂರ್ತಿ ಕುಳ್ಳಾಗಿ ದಪ್ಪವಾಗುತ್ತದೆ. ಮೂಲೆ ಹಿಡಿದು ಮಾತ್ರ ಗಾತ್ರ ಬದಲಿಸಿ. ಬಲಗಡೆಯ ಮೂರನೇ ಒಂದು ಭಾಗದಲ್ಲಿ ತಲೆಯಿಂದ ಕಾಲಿನವರೆಗೆ, ಅಂಚು ಬಿಡದೆ ಕೂರಿಸಿ. ಎಡಗಡೆ ಖಾಲಿ ಜಾಗದಲ್ಲಿ ಎರಡು ಸಾಲು. ಪಾದದ ಹತ್ತಿರ ಜನ ನಿಂತಿರುವ ಫೋಟೊ ಆರಿಸಿದರೆ 57 ಅಡಿ ಅಂದರೆ ಎಷ್ಟು ಎಂದು ಬೇರೆ ವಿವರಿಸಬೇಕಿಲ್ಲ.

ಅಂಕಿಸಂಖ್ಯೆ

ಮಳೆಯ ನಕ್ಷೆ ಮಾಡುವಾಗ ಕೇಳುವವರ ಅಳತೆಯಲ್ಲೇ ಮಾಡಿ. ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರೆ. ಇಲಾಖೆಯವರಿಗೆ ಮಿಲಿಮೀಟರ್ ಬೇಕು. ಒಂದು ಇಂಚಿಗೆ 100 ಸೆಂಟು, 25.4 ಮಿಲಿಮೀಟರ್. ಎಕ್ಸೆಲ್‌ಗೆ ತುಂಬುವಾಗ ಬರುವ ತಪ್ಪು ಒಂದಿದೆ: 2 ಇಂಚು 5 ಸೆಂಟನ್ನು 2.5 ಎಂದು ಹಾಕುತ್ತಾರೆ. ಅದು 2.05. ಒಂದೇ ಅಂಕಿ ತಪ್ಪಿದರೂ ಹೂಮಳೆಯ (ಕಾಫಿ ಹೂ ಅರಳಿಸುವ ಮಳೆ) ತಿಂಗಳ ಕಂಬ ಬೇರೆಯೇ ಎತ್ತರಕ್ಕೆ ಹೋಗುತ್ತದೆ, ಸಭೆಯಲ್ಲಿ ಡೈರಿ ಇಟ್ಟುಕೊಂಡ ಬೆಳೆಗಾರರೊಬ್ಬರು ಅದನ್ನು ಹಿಡಿಯದೆ ಬಿಡುವುದಿಲ್ಲ.

ತಿಂಗಳವಾರು ಮಳೆಗೆ ಕಂಬ, ವರ್ಷಗಳ ಧಾರಣೆಗೆ ಗೆರೆ. ಎಕ್ಸೆಲ್ ತಾನಾಗಿ ಕೊಡುವ ಅಡ್ಡಗೆರೆ, ಚೌಕಟ್ಟು, ಬಣ್ಣದ ಸೂಚಿ ಅಳಿಸಿ, ಹೆಸರನ್ನು ಗೆರೆಯ ತುದಿಯಲ್ಲೇ ಬರೆಯಿರಿ. ಮಾತು ಹೂಮಳೆಯ ಬಗ್ಗೆ ಇದ್ದರೆ ಆ ತಿಂಗಳ ಕಂಬಕ್ಕಷ್ಟೇ ಬಣ್ಣ, ಉಳಿದವು ಬೂದು. ಕಂಬದ ನಕ್ಷೆ ಸೊನ್ನೆಯಿಂದಲೇ ಶುರುವಾಗಬೇಕು, ಇಲ್ಲದಿದ್ದರೆ ಸಣ್ಣ ವ್ಯತ್ಯಾಸ ದುಪ್ಪಟ್ಟಾಗಿ ಕಾಣುತ್ತದೆ. ಧಾರಣೆ ಹಾಕುವಾಗ 50 ಕೆಜಿ ಚೀಲಕ್ಕೋ ಕೆಜಿಗೋ, ಚೆರ್ರಿಗೋ (ಹಣ್ಣನ್ನು ಹಾಗೇ ಒಣಗಿಸಿದ್ದು) ಪಾರ್ಚ್‌ಮೆಂಟಿಗೋ (ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ್ದು) ಎಂದು ತಲೆಬರಹದಲ್ಲೇ ಇರಲಿ. ಮೂರು ಆಯಾಮದ ವೃತ್ತ ನಕ್ಷೆಯಲ್ಲಿ ಮುಂದಿನ ಹೋಳು ಸುಮ್ಮನೆ ದೊಡ್ಡದಾಗಿ ಕಾಣುತ್ತದೆ. ಬಳಸಬೇಡಿ.

ಹಿಂದಿನ ದಿನ, ಅದೇ ದಿನ

ನಿರ್ಮಲಾ ಬಿಟ್ಟು ಬೇರೆ ಫಾಂಟ್ ಬಳಸಿದ್ದರೆ ಫೈಲ್, ಆಪ್ಷನ್ಸ್, ಸೇವ್‌ನ ಒಳಗೆ ಫಾಂಟನ್ನು ಕಡತದಲ್ಲೇ ಸೇರಿಸುವ ಆಯ್ಕೆಗೆ ಗುರುತು ಹಾಕಿ, ಎಲ್ಲ ಅಕ್ಷರಗಳನ್ನೂ ಸೇರಿಸುವುದನ್ನೇ ಆರಿಸಿ. ಜೊತೆಗೆ ಒಂದು ಪಿಡಿಎಫ್ ಮಾಡಿ ಅದೇ ಪೆನ್‌ಡ್ರೈವಿಗೆ ಹಾಕಿ. ಪವರ್‌ಪಾಯಿಂಟ್ ಕೈಕೊಟ್ಟರೂ ಪಿಡಿಎಫ್‌ನಲ್ಲಿ ಒತ್ತಕ್ಷರ ಚೆದುರುವುದಿಲ್ಲ. ನಿಮ್ಮ ಲ್ಯಾಪ್‌ಟಾಪೇ ಒಯ್ಯುವುದಾದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಾಯಿಸುವ ತುಂಡು ಕೇಬಲ್ ಚೀಲದಲ್ಲಿರಲಿ. ಹಳೆಯ ಪ್ರೊಜೆಕ್ಟರುಗಳಲ್ಲಿ ವಿಜಿಎ ಮಾತ್ರ ಇರುವುದುಂಟು. ಚಿತ್ರ ಬರದಿದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ ಡುಪ್ಲಿಕೇಟ್ ಆರಿಸಿ.

ಜೂನ್‌ನಿಂದ ಆಗಸ್ಟ್ ತನಕ ಮಲೆನಾಡಿನಲ್ಲಿ ಸಭೆ ಇದ್ದರೆ ಕರೆಂಟಿನ ಮೇಲೆ ಭಾರ ಹಾಕಬೇಡಿ. ಮುಖ್ಯವಾದ ಮೂರು ಸ್ಲೈಡುಗಳನ್ನು ಎ4 ಹಾಳೆಗೆ ಒಂದರಂತೆ ಮುದ್ರಿಸಿಕೊಂಡು ಹೋದರೆ ಕರೆಂಟು ಹೋದಾಗಲೂ ಕೈಯಿಂದ ಕೈಗೆ ದಾಟಿಸುತ್ತ ಮಾತು ಮುಂದುವರಿಸಬಹುದು.

ಮಾತಿನ ನಡುವೆ ಜನ ಪರದೆ ಬಿಟ್ಟು ನಿಮ್ಮ ಕಡೆ ನೋಡಬೇಕೆಂದರೆ ಬಿ ಕೀ ಒತ್ತಿ, ಪರದೆ ಕಪ್ಪಾಗುತ್ತದೆ. ಮತ್ತೆ ಒತ್ತಿದರೆ ಸ್ಲೈಡ್ ವಾಪಸು. ಯಾರಾದರೂ ಹಳೆಯ ಸ್ಲೈಡ್ ಕೇಳಿದರೆ ಅದರ ಸಂಖ್ಯೆ ಟೈಪ್ ಮಾಡಿ ಎಂಟರ್ ಒತ್ತಿ. ಅದಕ್ಕೇ ಮೂಲೆಯಲ್ಲಿ ಸ್ಲೈಡ್ ಸಂಖ್ಯೆ ಇರಬೇಕು. ಪ್ರಶ್ನೆ ಬರಬಹುದಾದ ವಿವರಗಳನ್ನು (ತೊಗಟೆ ಉಜ್ಜುವ ವಿಧಾನ, ನೆರಳಿನ ವಿಚಾರ) ಕೊನೆಯ ಸ್ಲೈಡಿನ ಆಚೆಗೆ ಇಟ್ಟುಕೊಂಡರೆ ಹೀಗೇ ಕರೆಯಬಹುದು.

ಆ ಕೊನೆಯ ಸ್ಲೈಡಿನಲ್ಲಿ ‘ಧನ್ಯವಾದಗಳು’ ಎಂದು ಬರೆಯುವುದು ರೂಢಿ. ಆದರೆ ಪ್ರಶ್ನೋತ್ತರ ಮುಗಿಯುವವರೆಗೆ, ಕೆಲವೊಮ್ಮೆ ಊಟದ ತನಕ, ಪರದೆಯ ಮೇಲೆ ನಿಲ್ಲುವುದು ಅದೇ. ಧನ್ಯವಾದ ಬಾಯಲ್ಲಿ ಹೇಳಿ. ಪರದೆಯ ಮೇಲೆ ಹನ್ನೆರಡು ತಿಂಗಳ ಪಟ್ಟಿ ಇನ್ನೊಮ್ಮೆ ಬರಲಿ, ಅದರ ಕೆಳಗೆ 32 ಪಾಯಿಂಟಿನಲ್ಲಿ ಯಾವ ತಿಂಗಳು ಏನು ಮಾಡಬೇಕು, ಅನುಮಾನ ಬಂದರೆ ಯಾರಿಗೆ ಫೋನ್ ಮಾಡಬೇಕು. ಜನ ಎದ್ದು ಹೋಗುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದು ಆ ಸ್ಲೈಡನ್ನೇ, ಆದ್ದರಿಂದ ಫೋನ್ ನಂಬರನ್ನು ಎರಡು ಸಲ ಸರಿನೋಡಿ.